ಫೋನು ಯಾರ ಕಿಸೆದಾಗ ಅದ?

ಅಲ್ರೀ ಅಕ್ಕೋರ, ಕೂಸಿಗಿ ಜಡ್ಡಾದ್ರ ಹೆತ್ತವ್ರಿಗಿ ಹೇಳ್ಬೇಕಂತ ಯಾರಿಗಿ ಗೊತ್ತಿಲ್ಲ? ನಮ್ಮ ಘತ್ತರಗಿಯಂಥ ಊರಾಗ ಕೇಳೋ ಮಾತೇ ಬ್ಯಾರೆ: ಹೇಳೋದು ಯಾರ ನಂಬರಿಗಿ?

ಅಂಗನವಾಡಿ ರಜಿಸ್ಟರ್‌ನಾಗ ಅಪ್ಪನ ನಂಬರ್ ಬರಸ್ತೀವಿ. ಅಪ್ಪ ಪುಣೇದಾಗ ಮಾಳಿಗಿ ಮ್ಯಾಲ ಇಟ್ಟಂಗಿ ಹೊರ್ಲಾಕತ್ತಾನ. ಅವ್ವ ಇಲ್ಲೇ ತೊಗರಿ ಹೊಲದಾಗ. ಕೂಸು ವಾಂತಿ ಮಾಡ್ಕೊಂಡಿದ್ದು ಭೀಮಾ ದಂಡಿಗಿ, ಫೋನ್ ಬಡ್ಕೊಳ್ಳೋದು ಪುಣೇದಾಗ! ಅಂವ ತಮ್ಮಗ ಹೇಳ್ಬೇಕು, ತಮ್ಮ ಗೆಳ್ಯಾಗ, ಗೆಳ್ಯಾ ಗಾಡಿ ತಗೊಂಡು ಹೊಲಕ್ಕ. ಅಷ್ಟರಾಗ ವಾಂತಿ ಹೋಗಿ "ಕೂಸು ಕಣ್ಣೇ ತೆರಿವಲ್ದಂತ" ಆಗಿರ್ತದ. ಅಮಾಸಿ ದಿನ ಅಂತೂ ಭಾಗ್ಯವಂತಿ ಗುಡಿ ಗದ್ದಲದಾಗ ರಿಂಗ್ ಕೇಳಿದ್ರ ಪುಣ್ಯ.

2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯ್ದೆ ತಂದ ನಿಯಮದ ಪ್ರಕಾರ 50 ಮಂದಿ ದುಡಿಯೋ ಕಡಿ ಕೂಸುಗಳ ಕೇಂದ್ರ ಇರ್ಬೇಕು, ತಾಯಿ ದಿನಕ್ಕ 4 ಸಲ ಹೋಗಿ ನೋಡ್ಬಹುದು. ತೊಗರಿ ಕೊಯ್ಯಾಕಿಗಿ 4 ಸಲ ಯಾರು ಬಿಡ್ತಾರ್ರೀ? ಕೂಲಿ ಮುರ್ಕೊಂತಾರ. 2023ರಾಗ ಸರ್ಕಾರ 4 ಸಾವಿರ ಪಂಚಾಯಿತಿದಾಗ 'ಕೂಸಿನ ಮನೆ' ಅಂಬೋ ಅಂಥ ಕೇಂದ್ರ ತೆರಿಲಾಕ ಹೊಂಟಿತು, ಚಲೋನೇ ಆಯ್ತು. ಅಲ್ಲೂ ಪುಣೇ ನಂಬರೇ ಬರಸಿದ್ರ ಏನ್ ಬಂತು?

ಇನ್ನೊಂದು. ಆದ ಮ್ಯಾಲ ಹೇಳೋ ಸುದ್ದಿ ಒಂದು ನಮೂನಿ, ಮೊದ್ಲೇ ಹೇಳೋದು ಇನ್ನೊಂದು. ಹುಳದ ಗುಳಿಗಿ ಕೊಡೋ ದಿನ ಅದಲ್ಲ, ಒಂದರಿಂದ ಎರಡು ವರ್ಷದೊಳಗಿನ ಕೂಸಿಗಿ ಅರ್ಧ, ಮ್ಯಾಲಿನವಕ್ಕ ಪೂರಾ. ಜಡ್ಡಿದ್ದ ಕೂಸಿಗಿ ಅವತ್ತು ಕೊಡಂಗಿಲ್ಲ. ಹಿಂದಿನ ದಿನ ಹೇಳಿದ್ರ ಅವ್ವನೇ ಅಂತಾಳ, "ಟೀಚರ್, ರಾತ್ರಿ ಮೈ ಸುಡ್ಲಾಕತ್ತಿತ್ತು." ಹುಳ ಬಾಳ ಇದ್ದ ಕೂಸಿಗಿ ಗುಳಿಗಿ ನುಂಗಿದ ಮ್ಯಾಲ ಹೊಟ್ಟಿ ನೋಯಬಹುದು, ಅದೂ ಗೊತ್ತಿದ್ರ ಗಾಬರಿ ಇಲ್ಲ. ಸುದ್ದಿ ಎರಡೂ ಕಡಿಂದ ನಡೀಬೇಕ್ರಿ. 2020ರ ಅಕ್ಟೋಬರ್‌ನಾಗ ಭೀಮಾ ಉಕ್ಕಿ ಊರಿಗಿ ಬಂತಲ್ಲ, ಅಂಥ ಹೊತ್ತಿನಾಗ ಮ್ಯಾಲಿನ ಉಜನಿ ಡ್ಯಾಮಿಂದ ನೀರು ಬಿಟ್ರಂದ್ರ ಅಂಗನವಾಡಿ ನಾಳಿ ತೆರೀತದೋ ಇಲ್ಲೋ ಅಂಬೋದು ಇವತ್ತೇ ಮನಿಗಿ ಮುಟ್ಟಬೇಕು.

ಬಿದ್ದು ಮೊಣಕಾಲು ಒಡ್ಕೊಂಡ ಸುದ್ದಿ ತಾನೇ ಓಡ್ತದ. ಕೂಸು ಬಡಕಲಾದ ಸುದ್ದಿ ಓಡಂಗಿಲ್ಲ. ಆರು ತಿಂಗಳಿಂದ ಐದು ವರ್ಷದೊಳಗಿನ ಕೂಸಿನ ರಟ್ಟಿಗಿ ಪಟ್ಟಿ ಸುತ್ತಿದಾಗ 11.5 ಸೆಂಟಿಮೀಟರ್‌ಗಿಂತ ಕಮ್ಮಿ ಬಂದು ಕೆಂಪು ತೋರಿಸ್ತಂದ್ರ ದವಾಖಾನಿ ಮಾತದು. ಅಳೂದಿಲ್ಲ, ರಕ್ತ ಬರೂದಿಲ್ಲ, ರಜಿಸ್ಟರ್‌ನಾಗ ಸುಮ್ಮ ಕುಂತಿರ್ತದ. "ತಿಂಗಳ ಸಭಾಕ್ಕ ಹೇಳಿದ್ರಾಯ್ತು" ಅಂದ್ರ ಕೂಸಿಗಿ ಆ ತಿಂಗಳು ಎಲ್ಲಿಂದ ತರ್ತೀರಿ?

ಖರೇ ಆಪತ್ತು ಬಂದ್ರ ಮೊದಲ 108, ಆಮ್ಯಾಲ ಮನಿ. ಮನಿಗಿ ಹಚ್ಚಿದಾಗ "ಗಾಬರಿ ಆಗಬ್ಯಾಡ್ರಿ" ಅಂತ ಶುರು ಮಾಡ್ಬ್ಯಾಡ್ರವ್ವ, ಅದನ್ನ ಕೇಳೇ ಅರ್ಧ ಜೀವ ಹೋಗ್ತದ. ಏನಾಯ್ತು, ಕೂಸೆಲ್ಲದ, ಜೋಡಿ ಯಾರಿದ್ದಾರ, ಇಷ್ಟು ಹೇಳ್ರಿ ಸಾಕು.

ಮತ್ತ ರಜಿಸ್ಟರ್‌ನಾಗ ಮೊದಲ ನಂಬರ್ ಊರಾಗಿದ್ದವ್ರದು ಇರ್ಲಿ. ಅಜ್ಜಿದು ಬರಸ್ರಿ. ಅಜ್ಜಿಗಿ ಫೋನ್ ಎತ್ಲಾಕ ಬರಲ್ಲ ಅಂತೀರಿ? ಧಾರಾವಾಹಿ ಹಚ್ಕೊಂಡು ನೋಡ್ಲಾಕ ಬರ್ತದಲ್ಲ!