ನೀಲಿಹೊಗೆ ಮೀಮಾಂಸೆ

ಹಳೇ ಕಾರಿನ ವ್ಯಾಪಾರದಲ್ಲಿ ಮಾರುವವನಿಗೆ ಗಾಡಿಯ ಮರ್ಮವೆಲ್ಲ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಸಂತೆ ಕೆಡುವುದೇ ಇದರಿಂದ ಎಂದು ಜಾರ್ಜ್ ಅಕೆರ್ಲಾಫ್ 1970ರಲ್ಲಿ ಬರೆದರು. 2001ರ ಅರ್ಥಶಾಸ್ತ್ರದ ನೊಬೆಲ್‌ನಲ್ಲಿ ಅವರಿಗೂ ಪಾಲು ಸಿಕ್ಕಿತು. ಇದು ಪೂರ್ವಪಕ್ಷ. ಎಲ್ಲ ಗೊತ್ತಿದ್ದೂ ಕೊಳ್ಳುವವನ ಬಗ್ಗೆ ಆಚಾರ್ಯರು ತುಟಿಪಿಟಕ್ಕೆನ್ನಲಿಲ್ಲ ಎಂಬುದೇ ನಮ್ಮ ಆಕ್ಷೇಪ. ‘ಹೆಡ್ ಗ್ಯಾಸ್ಕೆಟ್ ಹೋಗಿದೆ, ಅದಕ್ಕೇ ಈ ರೇಟು’ ಎಂದು ಬ್ರೋಕರೇ ಬಾಯಿಬಿಟ್ಟ ಮೇಲೂ ಅಡ್ವಾನ್ಸ್ ಕೊಡುವ ಈ ಮಹಾಶಯನನ್ನು ಪ್ರಸ್ತುತ ಪ್ರಬಂಧದಲ್ಲಿ ‘ಜ್ಞಾನಿ’ ಎಂದು ಕರೆಯಲಾಗಿದೆ.

ಅಧ್ಯಯನಕ್ಕೆ ಆರಿಸಿಕೊಂಡದ್ದು ಮಾರುತಿ 800. ಮೂರು ಸಿಲಿಂಡರು, 796 ಸಿಸಿ. 1983ರಿಂದ 2014ರವರೆಗೆ ತಯಾರಾಯಿತು.

ಜ್ಞಾನಿಯ ಮುಖ್ಯ ಪ್ರಮಾಣ ಅನುಮಾನ. ಬೆಟ್ಟದ ಮೇಲೆ ಹೊಗೆ ಕಂಡು ಅಲ್ಲಿ ಬೆಂಕಿಯಿದೆ ಎಂದ ನೈಯಾಯಿಕರು ಹೊಗೆ ಯಾವ ಬಣ್ಣದ್ದೆಂದು ವಿಚಾರಿಸಲಿಲ್ಲ. ಬೆಟ್ಟಕ್ಕೆ ಸೈಲೆನ್ಸರ್ ಇರಲಿಲ್ಲವಷ್ಟೆ. ಕಪ್ಪಾದರೆ ಪೆಟ್ರೋಲು ಹೆಚ್ಚಾಗಿ ಹೋಗುತ್ತಿದೆ. ನೀಲಿಯಾದರೆ ಪಿಸ್ಟನ್ ರಿಂಗೋ ವಾಲ್ವ್ ಸೀಲೋ ಸವೆದು ಆಯಿಲ್ ಉರಿಯುತ್ತಿದೆ. ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ರೇಡಿಯೇಟರಿನ ನೀರು ಸಿಲಿಂಡರಿಗೆ ಇಳಿಯುತ್ತಿದೆ. ಇದಕ್ಕೆ ಪ್ರತ್ಯಕ್ಷ ಪ್ರಮಾಣವೂ ಉಂಟು. ಆಯಿಲ್ ಕ್ಯಾಪ್ ಬಿಚ್ಚಿ ತಿರುವಿದರೆ ಒಳಮೈಗೆ ಹಾಲು ಹೆಚ್ಚಾದ ಕಾಫಿಯ ಬಣ್ಣದ ಲೋಳೆ ಮೆತ್ತಿಕೊಂಡಿರುತ್ತದೆ. ಜ್ಞಾನಿ ಅದನ್ನು ಬೆರಳಲ್ಲಿ ಬಳಿದು, ಮೂಸಿ, ಬ್ರೋಕರನ ಮುಖ ನೋಡಿ, ಐದು ಸಾವಿರ ಇಳಿಸುತ್ತಾನೆ.

ಮೀಟರಿನ ವಿಷಯಕ್ಕೆ ಮೀಮಾಂಸಕರೇ ಗತಿ. ಹಗಲು ಉಣ್ಣದ ದೇವದತ್ತ ದಪ್ಪಗೇ ಇದ್ದಾನೆಂದರೆ ರಾತ್ರಿ ಉಣ್ಣುತ್ತಿರಬೇಕು, ಇದು ಅರ್ಥಾಪತ್ತಿ. ಮೀಟರು 58,000 ಕಿಲೋಮೀಟರ್ ಎನ್ನುತ್ತದೆ, ಕ್ಲಚ್ ಪೆಡಲಿನ ರಬ್ಬರಿನಲ್ಲಿ ಒಂದು ಗೆರೆಯೂ ಉಳಿದಿಲ್ಲ. ಕಾರೂ ಕದ್ದು ಉಂಡಿದೆ.

ಇಷ್ಟೆಲ್ಲ ಬಲ್ಲವನು ಎಡವುವುದೆಲ್ಲಿ? ಬಲ್ಲ ಕಡೆಯೇ. ಗ್ಯಾಸ್ಕೆಟ್ ಸುಮ್ಮನೆ ಹೋಗುವುದಿಲ್ಲ, ಎಂಜಿನ್ ಕಾದು ಹೋಗುತ್ತದೆ. ಹಿಂದೆ ಯಾರೋ ಪುಣ್ಯಾತ್ಮ ಕೂಲಂಟ್ ದುಬಾರಿಯೆಂದು ನಲ್ಲಿನೀರು ತುಂಬಿಸಿದ್ದಾನೆ. ರೇಡಿಯೇಟರಿನೊಳಗೆ ತುಕ್ಕು, ಕೆಸರು ಕಟ್ಟಿದೆ. ಎಂಜಿನ್ ಕಾಯತೊಡಗಿದಾಗ ಇನ್ನೊಬ್ಬ ಥರ್ಮೋಸ್ಟಾಟನ್ನೇ ಕಿತ್ತು ಹಾಕಿದ್ದಾನೆ. ಕೊನೆಗೆ ಅಲ್ಯುಮಿನಿಯಂ ಹೆಡ್ ಡೊಂಕಾಗಿದೆ. ಲೇತಿಗೆ ಕಳಿಸಿ ಫೇಸಿಂಗ್ ಮಾಡಿಸದೆ ಹೊಸ ಗ್ಯಾಸ್ಕೆಟ್ ಕೂರಿಸಿದರೆ ಅದೂ ಹಳೆಯದರ ದಾರಿ ಹಿಡಿಯುತ್ತದೆ. ಜ್ಞಾನಿ ಚೌಕಾಸಿ ಮಾಡಿದ್ದು ಗ್ಯಾಸ್ಕೆಟ್ಟಿಗೆ ಮಾತ್ರ.

ಇಲ್ಲಿಂದ ಮುಂದೆ ‘ಹೆಂಗೂ ನ್ಯಾಯ’ ಅನ್ವಯವಾಗುತ್ತದೆ. ಕಾಕತಾಳೀಯ, ಅರುಂಧತಿ ಮುಂತಾದ ನ್ಯಾಯಗಳ ಸಾಲಿನಲ್ಲಿ ಇದನ್ನು ಸೇರಿಸದಿರುವುದು ಶಾಸ್ತ್ರಕಾರರ ಪ್ರಮಾದ. ‘ಹೆಂಗೂ ಹೆಡ್ ಬಿಚ್ಚಿದೀವಲ್ಲ ಸಾರ್, ವಾಲ್ವ್ ಲ್ಯಾಪಿಂಗ್ ಮಾಡ್ಬಿಡೋಣ.’ ‘ಹೆಂಗೂ ಚೇಂಬರ್ ಇಳಿಸಿದೀವಿ, ರಿಂಗ್ ಸೆಟ್ ಹಾಕ್ಬಿಡೋಣ.’ ರಿಂಗ್ ಹಾಕುವಾಗ ಬೋರ್ ಅಳೆಯದಿದ್ದರೆ ಹೇಗೆ? ಬೋರ್ ಮಾಡಿಸಿದರೆ ಓವರ್‌ಸೈಜ್ ಪಿಸ್ಟನ್ ಬೇಡವೆ? ಜ್ಞಾನಿ ಬೆಂಗಳೂರಿಗನಾದರೆ ಬೆಳಿಗ್ಗೆ ಜೆ.ಸಿ. ರಸ್ತೆ, ಸಂಜೆ ಶಿವಾಜಿನಗರದ ಗುಜರಿ ಅಲೆಯುತ್ತಾನೆ. ಪ್ರತಿಯೊಂದು ‘ಹೆಂಗೂ’ಗೂ ಅವನು ತಲೆಯಾಡಿಸುತ್ತಾನೆ, ಯಾಕೆಂದರೆ ಪ್ರತಿಯೊಂದೂ ನಿಜ. ಮೆಕ್ಯಾನಿಕ್ ಸುಳ್ಳು ಹೇಳಿದ್ದರೆ ಜಗಳ ಕಾದಾದರೂ ಬಚಾವಾಗಬಹುದಿತ್ತು.

ಗೋಣಿತಾಟಿನ ಮೇಲೆ ಎಂಜಿನ್ ಬಿಡಿಬಿಡಿಯಾಗಿ ಬಿದ್ದಿರುವಾಗ ಭಿಕ್ಷು ನಾಗಸೇನನ ಪ್ರಶ್ನೆ ಏಳುತ್ತದೆ. ಅಚ್ಚು ರಥವೋ, ಗಾಲಿ ರಥವೋ ಎಂದು ಅವನು ಮಿಲಿಂದ ದೊರೆಯನ್ನು ಕೇಳಿದ್ದ. ಆರ್‌ಟಿಒ ಕಚೇರಿಯಲ್ಲಿ ಈ ಸಂಶಯವಿಲ್ಲ: ಆತ್ಮವೆಂದರೆ ಚಾಸಿ ನಂಬರು, ಎಂಜಿನ್ ಬರೀ ಉಪಾಧಿ, ಬದಲಾದರೆ ಆರ್‌ಸಿಯಲ್ಲಿ ನಮೂದಿಸಿಕೊಂಡರಾಯಿತು. ಹದಿನೈದು ವರ್ಷ ತುಂಬಿದ ದೇಹಕ್ಕೆ, ಫಿಟ್‌ನೆಸ್ ಪಾಸಾದರೆ, ಇನ್ನೈದು ವರ್ಷ ಪುನರ್ಜನ್ಮವೂ ಉಂಟು.

ಅರ್ಜಿ ಕೊಟ್ಟು ಹೊರಬರುತ್ತಿದ್ದ ಜ್ಞಾನಿಗೆ ಬ್ರೋಕರ್ ಫೋನ್ ಮಾಡಿದ್ದಾನೆ. ಒಂದು ಡೀಸೆಲ್ ಗಾಡಿ ಬಂದಿದೆಯಂತೆ. ಗೇರ್‌ಬಾಕ್ಸ್ ಒಂದು ಬಿಟ್ಟರೆ ಮಿಕ್ಕದ್ದೆಲ್ಲ ಚೆನ್ನಾಗಿದೆಯಂತೆ.