ಹಾಲುಕ್ಕುವ ಮುನ್ನ

(ಹಾಸನದ ಬಾಡಿಗೆ ಮನೆ. ನಡುಮನೆ ತುಂಬಾ ರಟ್ಟಿನ ಡಬ್ಬ. ಯಾವುದರಲ್ಲಿ ಸೌಟಿದೆಯೋ ದೇವರಿಗೂ ಗೊತ್ತಿಲ್ಲ.)

ಅವಳು: ರೀ, ಒರಳುಕಲ್ಲು ಮೊದ್ಲು ಗಾಡಿಗೆ. ಬರ್ಕೊಂಡ್ರಾ?

ಅವನು: ಬರ್ಕೊಂಡೆ. ಶಾಂತಿಗ್ರಾಮ ಏನು ದೂರಾನಾ? ಬೆಂಗಳೂರು ಹೆದ್ದಾರೀಲಿ ಅರ್ಧ ಗಂಟೆನೂ ಇಲ್ಲ. ಎರಡು ಟ್ರಿಪ್ ಸಾಕು.

ಅವಳು: ನಿಮ್ಮಮ್ಮನ ಹಂಡೆಗೇ ಒಂದು ಟ್ರಿಪ್ ಬೇಕು. ಅದಿರ್ಲಿ, ಇಸಿ ತೆಗ್ಸಿದ್ರಾ?

ಅವನು: ವಿಷ್ಣುವರ್ಧನನ ರಾಣಿ ಶಾಂತಲೆ ಹೆಸರಿನ ಊರು ಅಂತಾರೆ ಕಣೇ! ಅಲ್ಲಿ ಮೋಸ ಇರುತ್ತಾ?

ಅವಳು: ಶಾಂತಲೆ ಬಂದು ಕಂತು ಕಟ್ತಾಳಾ? ಇ-ಸ್ವತ್ತು ನಮೂನೆ 9, 11ಎ ಇದೆಯೋ, ಬರೀ 11ಬಿನೋ? ಬ್ಯಾಂಕಿನೋರು ಕೇಳೋದೇ ಅದು.

ಅವನು: ಬ್ರೋಕರು ‘ಎಲ್ಲಾ ಕ್ಲಿಯರ್ ಸಾರ್’ ಅಂದ್ರು.

ಅವಳು: ಅದು ಯಾವ ನಮೂನೆ?

ಅಮ್ಮ (ಒಳಗಿನಿಂದ): ಆಷಾಢದಲ್ಲಿ ಗೃಹಪ್ರವೇಶ ಬೇಡ ಕಣೋ!

ಅವನು: ಶ್ರಾವಣಕ್ಕೇ ಇಟ್ಕೊಂಡಿದೀನಮ್ಮ. ಪುರೋಹಿತರಿಗೆ ಅಡ್ವಾನ್ಸು, ಶಾಮಿಯಾನಕ್ಕೆ ಅಡ್ವಾನ್ಸು, ಅಡುಗೆಯವರಿಗೂ ಅಡ್ವಾನ್ಸು.

ಅವಳು: ಮನೆ ಮಾರೋರಿಗೆ?

ಅವನು: ನಾಳೆ ಸಿಕ್ತೀನಿ ಅಂದಿದಾರೆ. ಮಾರೋದೋ ಬೇಡ್ವೋ ಅಂತ ಮಗನ್ನ ಕೇಳಿ ಹೇಳ್ತಾರಂತೆ.