ಥ್ರೊಟಲ್ ಕಥನ: ಭಟ್ಕಳ–ಹೊನ್ನಾವರ–ಕುಮಟಾ ತ್ರಿಕೋನದಲ್ಲಿ ವಿದ್ಯುತ್ ಸೈಕಲ್ಲಿನ ಮೌನ, ಪ್ರತಿರೋಧ ಮತ್ತು ಅನನ್ಯತೆಯ ನೆಲೆಗಳು

ಹಳೆಯ ಸೈಕಲ್ಲಿಗೆ ಮೋಟಾರು, ಬ್ಯಾಟರಿ, ಕಂಟ್ರೋಲರ್ ಕಟ್ಟಿಕೊಂಡು ಓಡಾಡುವ ಕರಾವಳಿಯ ಮನುಷ್ಯನು ತನ್ನ ಥ್ರೊಟಲ್ಲಿನೊಂದಿಗೆ ನಡೆಸುವ ನಿರಂತರ ಮುಖಾಮುಖಿಯನ್ನು ಬಹುಶಿಸ್ತೀಯ ನೆಲೆಯಲ್ಲಿ ಅನುಸಂಧಾನಿಸುವುದು ಪ್ರಸ್ತುತ ಪ್ರಬಂಧದ ವಿನಮ್ರ ಉದ್ದೇಶವಾಗಿರುತ್ತದೆ. ಅಧ್ಯಯನದ ವ್ಯಾಪ್ತಿ ಭಟ್ಕಳ, ಹೊನ್ನಾವರ, ಕುಮಟಾ ಎಂಬ ತ್ರಿಕೋನ. ಮೂರೂ ಊರು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಒಂದರ ಹಿಂದೊಂದು ಸಾಲಾಗಿ ಇರುವಾಗ ತ್ರಿಕೋನ ಎಲ್ಲಿಂದ ಬಂತು ಎಂದು ಕೆಲವರು ಕೇಳಬಹುದು. ತ್ರಿಕೋನವಿಲ್ಲದ ಪ್ರಬಂಧಕ್ಕೆ ಮಾರ್ಗದರ್ಶಕರ ಸಹಿ ಬೀಳುವುದಿಲ್ಲ.

ಮೊದಲು ಪೂರ್ವಸೂರಿಗಳ ಸ್ಮರಣೆ. 1879ರಲ್ಲಿ ಅಮೆರಿಕದ ಎಡ್ವಿನ್ ಹಾಲ್ ಎಂಬ ಸಂಶೋಧನಾ ವಿದ್ಯಾರ್ಥಿ, ವಿದ್ಯುತ್ ಹರಿಯುವ ತೆಳು ಚಿನ್ನದ ಹಾಳೆಯನ್ನು ಅಯಸ್ಕಾಂತದ ಧ್ರುವಗಳ ನಡುವೆ ಇಟ್ಟಾಗ ಹಾಳೆಯ ಅಡ್ಡಕ್ಕೆ ಒಂದಿಷ್ಟು ವೋಲ್ಟೇಜ್ ಹುಟ್ಟುವುದನ್ನು ಕಂಡ. ಎಲೆಕ್ಟ್ರಾನು ಆಗಿನ್ನೂ ಪತ್ತೆಯಾಗಿರಲಿಲ್ಲ. ಹೊನ್ನಾವರದಲ್ಲಿ ಶರಾವತಿ ದಾಟಲು ಆಗ ತಾರಿಯೇ ಗತಿ. ಹಾಲ್ ಕಂಡ ಅದೇ ತತ್ವ ಇಂದು ಸೈಕಲ್ಲಿನ ಥ್ರೊಟಲ್ ಹಿಡಿಯೊಳಗೆ ಕೂತಿದೆ. ಹಿಡಿ ತಿರುವಿದರೆ ಒಳಗಿನ ಪುಟ್ಟ ಅಯಸ್ಕಾಂತ ಸರಿಯುತ್ತದೆ, ಹಾಲ್ ಸೆನ್ಸರ್ ಅದನ್ನು ಗ್ರಹಿಸಿ ಕಂಟ್ರೋಲರಿಗೆ ವೋಲ್ಟೇಜ್ ಕಳಿಸುತ್ತದೆ. ಕೈ ಬಿಟ್ಟಾಗ ಸುಮಾರು 0.8 ವೋಲ್ಟ್, ಪೂರ್ತಿ ತಿರುವಿದಾಗ 3.5ರಿಂದ 4.2. ಇಷ್ಟನ್ನೇ ‘ಸ್ಪರ್ಶರಹಿತ ಅಧಿಕಾರದ ಮೂಲಕ ರೂಪುಗೊಳ್ಳುವ ಚಲನೆಯ ಸಂಕಥನ’ ಎಂದು ಬರೆದರೆ ಒಂದು ವಿಚಾರಸಂಕಿರಣದ ಟಿಎ, ಡಿಎ ಹುಟ್ಟುತ್ತದೆ.

ಥ್ರೊಟಲ್ಲಿನ ವಿಕಾರಗಳು ಹದಿನೆಂಟು. ಮೊದಲನೆಯದು ಮೌನವಿಕಾರ. ಇದು ಆರೋಪಿತ ಮೌನ, ಆಂತರಿಕ ಮೌನ, ಅಂತರ್‌ಸಂಬಂಧೀಯ ಮೌನ ಎಂದು ಮೂರು ಬಗೆ.

ಆರೋಪಿತ ಮೌನದಲ್ಲಿ ಥ್ರೊಟಲ್ಲಿನ ತಪ್ಪೇನೂ ಇರುವುದಿಲ್ಲ. ಮೋಟಾರು–ಬ್ಯಾಟರಿಯ ಕಿಟ್ಟಿನ ಜೊತೆ ಬರುವ ಬ್ರೇಕ್ ಹಿಡಿಯಲ್ಲಿ ಒಂದು ಸ್ವಿಚ್ ಇರುತ್ತದೆ, ಬ್ರೇಕ್ ಹಿಡಿದ ಕೂಡಲೇ ಮೋಟಾರು ನಿಲ್ಲಲಿ ಎಂದು. ತುಕ್ಕು ಹಿಡಿದ ಹಿಡಿ ಪೂರ್ತಿ ಹಿಂದೆ ಬರದಿದ್ದರೆ ಕಂಟ್ರೋಲರಿನ ಲೆಕ್ಕದಲ್ಲಿ ಸವಾರರು ಬೆಳಗಿನಿಂದ ಬ್ರೇಕ್ ಹಿಡಿದುಕೊಂಡೇ ಕೂತಿದ್ದಾರೆ. ಮೋಟಾರಿನ ಗಾಲಿಯನ್ನು ನೆಲದಿಂದ ಎತ್ತಿ ನಿಲ್ಲಿಸಿ, ಎರಡೂ ಬ್ರೇಕಿನ ಕನೆಕ್ಟರ್ ಬಿಚ್ಚಿ, ಥ್ರೊಟಲ್ ಮೆಲ್ಲಗೆ ತಿರುವಿ. ಗಾಲಿ ತಿರುಗಿದರೆ ಆರೋಪಿ ಬಿಡುಗಡೆ. ಏರಿನಲ್ಲಿ ಮಾತ್ರ ಸತ್ತು, ಸಪಾಟಿನಲ್ಲಿ ಮತ್ತೆ ಜೀವ ಬರುವ ಪ್ರಕರಣಗಳಲ್ಲಿ ಬ್ಯಾಟರಿಯನ್ನು ವಿಚಾರಿಸಬೇಕು. 36 ವೋಲ್ಟಿನ ಬ್ಯಾಟರಿ ಪೂರ್ತಿ ಚಾರ್ಜಾದಾಗ 42 ತೋರಿಸುತ್ತದೆ. ಹಳತಾದದ್ದು ಅಪ್ಸರಕೊಂಡದ ಏರಿಗೆ ಬಂದಾಗ 30ರ ಹತ್ತಿರ ಕುಸಿದರೆ ಕಂಟ್ರೋಲರ್ ತಾನಾಗಿ ಕೈ ಬಿಡುತ್ತದೆ.

ಆಂತರಿಕ ಮೌನ ಎಂದರೆ ಥ್ರೊಟಲ್ ನಿಜವಾಗಿ ಕೆಟ್ಟಿರುವುದು. ಹೊರಬರುವ ತಂತಿ ಮೂರು: ಸಾಮಾನ್ಯವಾಗಿ ಕೆಂಪು, ಕಪ್ಪು, ಮೂರನೆಯದು ಹಸಿರೋ ಬಿಳಿಯೋ ತಯಾರಕರ ಚಿತ್ತ. ಕೆಂಪು–ಕಪ್ಪಿನ ನಡುವೆ ಮೀಟರು ಹಿಡಿದರೆ 5 ವೋಲ್ಟಿನ ಆಸುಪಾಸು ಇರಬೇಕು. ಇದ್ದೂ, ಹಿಡಿ ತಿರುವಿದಾಗ ಮೂರನೆಯ ತಂತಿಯ ವೋಲ್ಟೇಜ್ ಅಲುಗದಿದ್ದರೆ ಥ್ರೊಟಲ್ ಹೋಯಿತು. ಇಲ್ಲವೇ ಇಲ್ಲ ಎಂದಾದರೆ ಥ್ರೊಟಲ್ ಬಿಚ್ಚಿ ಕಂಟ್ರೋಲರಿನ ಬಾಯಲ್ಲೇ ನೋಡಿ. ಆಗ 5 ಬಂದರೆ ಥ್ರೊಟಲ್ಲಿನೊಳಗೆ ಶಾರ್ಟು ಇರಬಹುದು.

ಎರಡನೆಯದು ಉನ್ಮಾದವಿಕಾರ. ಕೈ ಬಿಟ್ಟರೂ ಸೈಕಲ್ ಓಡುತ್ತದೆ. ಇದಕ್ಕೆ ಪಾರಿಭಾಷಿಕ ಪದ ಹುಡುಕುವ ಮೊದಲು ಬ್ರೇಕ್ ಹಿಡಿದು ಬ್ಯಾಟರಿಯ ಕೀ ತಿರುವಿ. ನೀರು ಹೊಕ್ಕಾಗ ಅಥವಾ ಕಪ್ಪು ತಂತಿ ತುಂಡಾದಾಗ ಸಂಕೇತದ ವೋಲ್ಟೇಜ್ ಮೇಲೆಯೇ ನಿಂತುಬಿಡಬಹುದು. ಹೆದ್ದಾರಿಯಲ್ಲಿ ಟ್ಯಾಂಕರ್ ಬರುವ ಹೊತ್ತಿಗೆ ಇದರ ಅನನ್ಯತೆ ಚೆನ್ನಾಗಿ ಮನವರಿಕೆಯಾಗುತ್ತದೆ.

ಮೂರನೆಯದು ಚಾಂಚಲ್ಯ. ಉಳಿದ ಹದಿನೈದನ್ನು ಸಾರಾಂಶದಲ್ಲಿ ವಾಗ್ದಾನ ಮಾಡಿದ್ದರಿಂದ ಇಲ್ಲಿ ಕೊಡುವ ಅಗತ್ಯ ಕಂಡುಬರುವುದಿಲ್ಲ.

ಮೌನದ ಮೂರು ಬಗೆಗಳಲ್ಲಿ ಬಾಕಿ ಉಳಿದದ್ದು ಅಂತರ್‌ಸಂಬಂಧೀಯ ಮೌನ, ಅಂದರೆ ಕನೆಕ್ಟರು. ಈ ಕರಾವಳಿಯ ಮುಕ್ಕಾಲು ಸಂಕಟ ಇಲ್ಲಿಯೇ ಇದೆ ಎಂಬುದು ನನ್ನ ಅಂದಾಜು. ಕುಮಟಾದಲ್ಲಿ ಒಬ್ಬ ಮೆಕ್ಯಾನಿಕ್ ನನ್ನ ಸೈಕಲ್ಲಿನ ಕನೆಕ್ಟರ್ ಎಳೆದು ಬೆಳಕಿಗೆ ಹಿಡಿದರು. ಗುಂಡುಪಿನ್ನಿಗಿಂತ ಸಣ್ಣ ಹಿತ್ತಾಳೆ ಕಡ್ಡಿಗಳ ಸುತ್ತ ಹಸಿರು ಹಿಟ್ಟು. ‘ಥ್ರೊಟಲ್ ಸತ್ತದ್ದಲ್ಲ ಮಾರಾಯ್ರೆ, ಪಿನ್ನಿಗೆ ಕಿಲುಬು ಹಿಡದದೆ, ಅಷ್ಟೇಯ’ ಎಂದರು. ಹಳೆಯ ಹಲ್ಲುಜ್ಜುವ ಬ್ರಷ್ಷಿಗೆ ಸ್ಪಿರಿಟ್ ಹಚ್ಚಿ ಉಜ್ಜಿ, ಒಣಗಿಸಿ, ತುಸು ಗ್ರೀಸ್ ಸವರಿ ಕೂಡಿಸಿದರು. ತಂತಿಯನ್ನು ಕನೆಕ್ಟರಿಗಿಂತ ಕೆಳಗೆ ಜೋತುಬೀಳುವಂತೆ ಬಳಸಿ ಕಟ್ಟಿದರು, ಇಳಿದ ನೀರು ಅಲ್ಲಿಂದಲೇ ತೊಟ್ಟಿಕ್ಕಲಿ ಎಂದು. ಹಿಡಿಗೆ ಪ್ಲಾಸ್ಟಿಕ್ ಕೊಟ್ಟೆ ಕಟ್ಟುವುದಾದರೆ ಬಾಯಿ ಕೆಳಗಿರಲಿ, ಬಿಗಿದು ಕಟ್ಟಿದರೆ ಒಳಗೇ ಬೆವರುತ್ತದೆ ಎಂದೂ ಹೇಳಿದರು. ಹೇಳಿದ್ದರಲ್ಲಿ ಒಂದೂ ‘ನೆಲೆ’ ಇರಲಿಲ್ಲ.

ಇನ್ನು ವಾರಂಟಿ ಎಂಬ ಪಠ್ಯದ ಮರುಓದು. ಕಿಟ್ ಮಾರಿದ ಕಂಪನಿಗೆ ನಾನು ಬರೆದಾಗ ಬಂದ ಉತ್ತರ: ಒಳಗೆ ತೇವಾಂಶ ಪ್ರವೇಶಿಸಿದೆ, ವಾರಂಟಿ ಅನ್ವಯಿಸುವುದಿಲ್ಲ. ಈ ಪಠ್ಯವನ್ನು ನಿರಚನೆಗೆ ಒಳಪಡಿಸಿದಾಗ... ಯಾಕೆ ಒಳಪಡಿಸಬೇಕು? ಇದು ಶುದ್ಧ ಲಫಂಗತನ. ವರ್ಷಕ್ಕೆ 3000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಊರುಗಳಿವು. ಜೂನ್‌ನಿಂದ ಸೆಪ್ಟೆಂಬರಿನ ತನಕ ಇಲ್ಲಿ ದೇವರ ಕೋಣೆಗೂ ತೇವಾಂಶ ಪ್ರವೇಶಿಸುತ್ತದೆ. ಪಾರ್ಸೆಲ್ಲಿನ ಮೇಲೆ ಕುಮಟಾ ಎಂದು ಬರೆದು, ಹಣ ಎಣಿಸಿಕೊಂಡಾಗ ಅದು ಸಮುದ್ರದ ದಂಡೆ ಎಂದು ಗೊತ್ತಿರಲಿಲ್ಲವೇ?

ನನ್ನದಾದರೂ ಹವ್ಯಾಸ. ಬೆಳಗಿನ ಜಾವ ಬಂದರಿನಿಂದ ಮೀನು ತಂದು ಕೇರಿ ಕೇರಿ ತಿರುಗುವವರಿಗೆ, ಭಟ್ಕಳದ ಹಿತ್ತಿಲಿನ ಮಲ್ಲಿಗೆಯನ್ನು ಬಾಡುವ ಮೊದಲು ಪೇಟೆಗೆ ಮುಟ್ಟಿಸಬೇಕಾದವರಿಗೆ ಸೈಕಲ್ ನಿಂತರೆ ಆ ದಿನದ ಸಂಪಾದನೆ ನಿಂತಿತು. ಥ್ರೊಟಲ್ಲಿಗೆ ಕೆಲವು ನೂರು ರೂಪಾಯಿ. ಆದರೆ ಕೆಟ್ಟದ್ದು ಥ್ರೊಟಲ್ಲೋ ಬ್ರೇಕೋ ಕಂಟ್ರೋಲರೋ ಎಂದು ಹೇಳುವವರಿಲ್ಲದೆ ಜನ ಮೂರನ್ನೂ ತರಿಸುತ್ತಾರೆ, ಕಿಲುಬು ಹಿಡಿದ ಅದೇ ಕನೆಕ್ಟರಿಗೆ ಸಿಕ್ಕಿಸುತ್ತಾರೆ, ಕೊನೆಗೆ ಕಿಟ್ ಬಿಚ್ಚಿ ಗುಜರಿಗೆ ಹಾಕುತ್ತಾರೆ. ನನ್ನ ಡಬ್ಬಿಯೊಳಗೆ ಬಂದ ಕೈಪಿಡಿ ಚೀನೀ ಭಾಷೆಯಲ್ಲಿತ್ತು, ಹಿಂಬದಿಯಲ್ಲಿ ಮುರುಕು ಇಂಗ್ಲಿಷು. ಕನ್ನಡದಲ್ಲಿ ಬರೆಯಬಲ್ಲವರೋ, ನಾವು ಕರಾವಳಿಯ ಅಸ್ಮಿತೆಯ ಮೇಲೆ ಗೋಷ್ಠಿ ನಡೆಸುತ್ತಿದ್ದೇವೆ. ಇದೇ ಕಡಲ ತಡಿಯ ಕೋಟದ ಶಿವರಾಮ ಕಾರಂತರು ‘ಬಾಲ ಪ್ರಪಂಚ’, ‘ವಿಜ್ಞಾನ ಪ್ರಪಂಚ’ ಬರೆದು ಮುಗಿಸಿದ ಭಾಷೆ ಇದು. ಮೂರು ತಂತಿಯನ್ನು ವಿವರಿಸುವ ಶಕ್ತಿ ಇದಕ್ಕಿಲ್ಲ ಎಂದು ಯಾರೂ ಹೇಳಲಾರರು. ಪುರುಸೊತ್ತು ಮಾತ್ರ ಇದ್ದಂತಿಲ್ಲ.

ಆದ್ದರಿಂದ ಕಿಟ್ ಮಾರುವವರಲ್ಲಿ ಒಂದು ವಿನಂತಿ. ಡಬ್ಬಿಯೊಳಗೆ ಕನ್ನಡದಲ್ಲಿ ಒಂದು ಹಾಳೆ ಹಾಕಿ: ಯಾವ ತಂತಿ ಯಾವುದಕ್ಕೆ, ಎಲ್ಲಿ ಎಷ್ಟು ವೋಲ್ಟ್ ಇರಬೇಕು, ಕನೆಕ್ಟರ್ ಹೇಗೆ ಉಜ್ಜಬೇಕು. ಬರೆದುಕೊಡುವವರು ಬೇಕಿದ್ದರೆ ನಾನಿದ್ದೇನೆ, ಟಿಎ, ಡಿಎ ಬೇಡ. ವಾರಂಟಿಯಿಂದ ತೇವಾಂಶದ ಆ ಸಾಲನ್ನು ತೆಗೆಯಲಾಗದಿದ್ದರೆ ಮಾತ್ರ ದಯವಿಟ್ಟು ಈ ಮೂರು ತಾಲೂಕುಗಳಿಗೆ ಮಾರಬೇಡಿ.